ಕ್ಲಚ್ಚಿನ ಸದ್ದೂ ಬೇರಿಂಗಿನ ಆಯ್ಕೆಯೂ

ಕಾರಿನ ಕ್ಲಚ್ಚು ಸದ್ದು ಮಾಡತೊಡಗಿತೆಂದರೆ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಒಂದೇ ಕಾರ್ಯ. ವಾಹನವನ್ನು ವರ್ಕ್‌ಶಾಪಿಗೆ ಒಯ್ಯಲಾಗುತ್ತದೆ. ಅಲ್ಲಿ ಯಾರೋ ಒಬ್ಬರು ಬಾನೆಟ್ಟಿನ ಬಳಿ ಅರೆನಿಮಿಷ ನಿಂತು "ರಿಲೀಸ್ ಬೇರಿಂಗ್ ಹೋಗಿದೆ" ಎಂದು ತೀರ್ಪು ಕೊಡುತ್ತಾರೆ. ಗೇರ್ ಬಾಕ್ಸನ್ನು ಇಳಿಸಿ, ಬೇರಿಂಗನ್ನು ಬದಲಾಯಿಸಿ, ಮತ್ತೆ ಏರಿಸಿ, ಬಿಲ್ಲನ್ನು ಕೈಗಿಡುತ್ತಾರೆ. ಸದ್ದು ಹೋದರೆ ಸರಿ. ಹೋಗದಿದ್ದರೆ ಇನ್ನೊಂದು ಭಾಗದ ಸರದಿ ಬರುತ್ತದೆ. ಈ ಕ್ರಮವನ್ನು ರಿಪೇರಿಯೆಂದು ಕರೆಯುವುದು ಸಲ್ಲದೆಂಬುದು ನಮ್ಮ ಅಭಿಪ್ರಾಯ. ಇದು ಕೇವಲ ಊಹೆ. ಅದೂ ವಾಹನದ ಒಡೆಯನ ಹಣದಿಂದ ಮಾಡುವ ಊಹೆ. ಕ್ಲಚ್ಚಿನ ಸದ್ದಿನ ಮೂಲವನ್ನು ಗೇರ್ ಬಾಕ್ಸಿಗೆ ಕೈ ಹಚ್ಚುವ ಮೊದಲೇ, ಚಾಲಕನ ಆಸನದಲ್ಲಿ ಕುಳಿತು, ಬಹುಮಟ್ಟಿಗೆ ಗುರುತಿಸಲು ಸಾಧ್ಯ. ಅದಕ್ಕೆ ಬೇಕಾದ ವಿಜ್ಞಾನವು ಹೈಸ್ಕೂಲಿನ ಪಠ್ಯಪುಸ್ತಕವನ್ನು ಮೀರಿದುದಲ್ಲ.

ಹೀಗೆ ಹೇಳುವ ನಾವೇ ಒಮ್ಮೆ ಎಡವಿದುದುಂಟು. ನಮ್ಮ ಸೋದರಮಾವನವರ ಹಳೆಯ ಕಾರಿನಲ್ಲಿ, ಇಂಜಿನ್ ಓಡುತ್ತಿದ್ದು ಗೇರು ನ್ಯೂಟ್ರಲ್ಲಿನಲ್ಲಿರುವಾಗ, ಕ್ಲಚ್ ಪೆಡಲನ್ನು ಮುಟ್ಟದಿದ್ದರೂ ಬೀಸುಕಲ್ಲು ತಿರುಗಿದಂತೆ ಗುರುಗುಟ್ಟುವ ಸದ್ದೊಂದು ಬರುತ್ತಿತ್ತು. ಪೆಡಲನ್ನು ಪೂರ್ತಿ ತುಳಿದರೆ ಸದ್ದು ನಿಲ್ಲುತ್ತಿತ್ತು. ಪಟ್ಟಣದ ಒಂದು ವರ್ಕ್‌ಶಾಪಿನವರು ಮೇಲೆ ಹೇಳಿದ ತೀರ್ಪನ್ನೇ ಕೊಟ್ಟರು. "ನೀನು ಫಿಸಿಕ್ಸ್ ಮೇಷ್ಟ್ರಲ್ಲವೇನಪ್ಪ, ನೀನೇನು ಹೇಳ್ತೀಯ?" ಎಂದು ಮಾವನವರು ಕೇಳಿದಾಗ ನಾವೂ ತಲೆಯಾಡಿಸಿದೆವು. ಬೇರಿಂಗು ಬದಲಾಯಿತು, ಹಣ ಸಂದಿತು, ಸದ್ದು ಮಾತ್ರ ಇದ್ದಂತೆಯೇ ಇತ್ತು. ಕೊನೆಗೆ ಹೆದ್ದಾರಿಯ ಪಕ್ಕದ ಒಂದು ಸಣ್ಣ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಒಬ್ಬರು ಪೆಡಲನ್ನು ಎರಡು ಸಲ ತುಳಿದು ಬಿಟ್ಟು, "ಈ ಗಾಡೀಲಿ ಪೆಡಲ್ ಬಿಟ್ಟಾಗ ಆ ಬೇರಿಂಗು ತಿರುಗೋದೇ ಇಲ್ಲ ಸಾರ್, ಅದರಿಂದ ಸದ್ದು ಹೇಗೆ ಬರುತ್ತೆ?" ಎಂದರು. ತರಗತಿಯಲ್ಲಿ ಸಾಪೇಕ್ಷ ಚಲನೆಯ ಪಾಠವನ್ನು ಹತ್ತು ವರ್ಷಗಳಿಂದ ಹೇಳುತ್ತಿದ್ದ ನಮಗೆ ಆ ಪ್ರಶ್ನೆ ತೋರಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ.

ಅವರ ಮಾತು ಮನಸ್ಸಿಗೆ ಹತ್ತಬೇಕಾದರೆ ಕ್ಲಚ್ಚಿನ ರಚನೆಯನ್ನು ಸ್ವಲ್ಪ ತಿಳಿಯಬೇಕು. ಇಂಜಿನಿನ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವಿರುತ್ತದೆ. ಗೇರ್ ಬಾಕ್ಸಿನಿಂದ ಅದರೆಡೆಗೆ ಚಾಚಿಕೊಂಡಿರುವ ಇನ್‌ಪುಟ್ ಶಾಫ್ಟಿನ ಮೇಲೆ ಕ್ಲಚ್ ಪ್ಲೇಟು ಕುಳಿತಿರುತ್ತದೆ. ಈ ಪ್ಲೇಟಿನ ಎರಡೂ ಮುಖಗಳಿಗೆ ಘರ್ಷಣೆ ಹೆಚ್ಚಾಗಿರುವ ಪದಾರ್ಥವೊಂದನ್ನು ಹೊದಿಸಿರುತ್ತಾರೆ. ಫ್ಲೈವೀಲಿಗೆ ಬೋಲ್ಟು ಮಾಡಿದ ಕವರಿನೊಳಗಿರುವ ಪ್ರೆಷರ್ ಪ್ಲೇಟು, ತಟ್ಟೆಯಾಕಾರದ ಬಲವಾದ ಸ್ಪ್ರಿಂಗಿನ ಒತ್ತಡದಿಂದ ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿಯುತ್ತದೆ. ಆಗ ಎಲ್ಲವೂ ಒಂದಾಗಿ ತಿರುಗುತ್ತವೆ. ಸ್ಪ್ರಿಂಗಿನ ಒಳ ಅಂಚನ್ನು ಬೆರಳುಗಳಂತೆ ಸೀಳಿರುತ್ತಾರೆ; ಈ ಬೆರಳುಗಳನ್ನು ಒಳಕ್ಕೆ ಒತ್ತಿದರೆ ಹಿಡಿತ ಸಡಿಲವಾಗಿ ಪ್ಲೇಟು ಬಿಡುಗಡೆ ಹೊಂದುತ್ತದೆ.

ಒತ್ತುವವರು ಯಾರು? ಪೆಡಲಿಗೆ ಕೇಬಲ್ಲಿನಿಂದಲೋ ದ್ರವದ ಕೊಳವೆಯಿಂದಲೋ ಸಂಬಂಧಪಟ್ಟ ಫೋರ್ಕ್ ಎಂಬ ಸನ್ನೆ. ಆದರೆ ಫೋರ್ಕು ತಿರುಗುವ ವಸ್ತುವಲ್ಲ. ಸ್ಪ್ರಿಂಗಿನ ಬೆರಳುಗಳಾದರೋ ಇಂಜಿನಿನ ವೇಗದಲ್ಲಿ ತಿರುಗುತ್ತಿರುತ್ತವೆ. ತಿರುಗದ ವಸ್ತುವಿನಿಂದ ತಿರುಗುವ ವಸ್ತುವಿಗೆ ಬಲವನ್ನು ದಾಟಿಸಬೇಕಾದ ಈ ಗಡಿಯಲ್ಲಿ ರಿಲೀಸ್ ಬೇರಿಂಗು ನಿಂತಿದೆ. ಅದರ ಒಂದು ಬಳೆ ಫೋರ್ಕಿನೊಡನೆ ನಿಶ್ಚಲವಾಗಿರುತ್ತದೆ, ಇನ್ನೊಂದು ಬಳೆ ಬೆರಳುಗಳೊಡನೆ ತಿರುಗುತ್ತದೆ, ನಡುವೆ ಉಕ್ಕಿನ ಗುಂಡುಗಳು ಉರುಳುತ್ತವೆ.

ಅದು ಹೊರುವ ಹೊರೆ ಎಷ್ಟೆಂಬುದನ್ನು ಅಂದಾಜು ಮಾಡೋಣ. ಸಣ್ಣ ಕಾರೊಂದರ ಇಂಜಿನ್ನು ೧೦೦ ನ್ಯೂಟನ್-ಮೀಟರ್ ಟಾರ್ಕನ್ನು ಕೊಡುತ್ತದೆಂದು ಭಾವಿಸೋಣ. ಘರ್ಷಣಾಂಕ ೦.೩, ಪ್ಲೇಟಿನ ಸರಾಸರಿ ತ್ರಿಜ್ಯ ೮ ಸೆಂಟಿಮೀಟರ್, ಘರ್ಷಿಸುವ ಮುಖಗಳು ಎರಡು. ಜಾರದೆ ಹಿಡಿಯಬೇಕಾದರೆ ಪ್ಲೇಟನ್ನು ಸುಮಾರು ೨೧೦೦ ನ್ಯೂಟನ್ ಬಲದಿಂದ ಅದುಮಬೇಕು. ಭದ್ರತೆಗಾಗಿ ಅರ್ಧದಷ್ಟು ಹೆಚ್ಚಿಸಿದರೆ ೩೧೦೦ ನ್ಯೂಟನ್, ಅಂದರೆ ೩೦೦ ಕಿಲೋಗ್ರಾಂಗೂ ಮಿಗಿಲಾದ ತೂಕ. ಬೆರಳುಗಳು ಸನ್ನೆಯಂತೆ ವರ್ತಿಸುವುದರಿಂದ ಬೇರಿಂಗಿನ ಪಾಲಿಗೆ ಸುಮಾರು ಮೂರರಲ್ಲೊಂದು, ಅಂದರೆ ೧೦೦೦ ನ್ಯೂಟನ್ ಬರುತ್ತದೆ. ಪೆಡಲು ಮತ್ತು ಫೋರ್ಕುಗಳು ಕೂಡಿ ಅದನ್ನು ಮತ್ತೆ ಹತ್ತರಷ್ಟು ಇಳಿಸಿ, ನಮ್ಮ ಕಾಲಿಗೆ ೧೦೦ ನ್ಯೂಟನ್ ಉಳಿಸುತ್ತವೆ. ಸನ್ನೆಯ ಲೆಕ್ಕವನ್ನು ಸೀಸಾ ಹಲಗೆಯ ಮೇಲೆ ಕುಳಿತ ಮಕ್ಕಳ ಚಿತ್ರದಿಂದ ಮಾತ್ರ ಕಲಿತಿರುವವರು ಇದನ್ನೊಮ್ಮೆ ಬರೆದು ನೋಡಬಹುದು.

ಇಲ್ಲಿ ಒಂದು ಭೇದವನ್ನು ಗಮನದಲ್ಲಿಡುವುದು ಅತ್ಯವಶ್ಯಕ. ಕೆಲವು ವಾಹನಗಳಲ್ಲಿ, ಮುಖ್ಯವಾಗಿ ಹಳೆಯವುಗಳಲ್ಲಿ, ಪೆಡಲನ್ನು ಬಿಟ್ಟಾಗ ಬೇರಿಂಗಿಗೂ ಬೆರಳುಗಳಿಗೂ ನಡುವೆ ಸ್ವಲ್ಪ ಅಂತರವಿರುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಫ್ರೀ ಪ್ಲೇ ಎನ್ನುತ್ತಾರೆ. ಅಲ್ಲಿ ಪೆಡಲು ಮೇಲಿರುವಷ್ಟು ಹೊತ್ತೂ ಬೇರಿಂಗು ವಿಶ್ರಾಂತಿಯಲ್ಲಿರುತ್ತದೆ. ಇನ್ನು ಕೆಲವು ವಾಹನಗಳಲ್ಲಿ, ಇಂದಿನ ಹೆಚ್ಚಿನ ಕಾರುಗಳಲ್ಲಿ, ಬೇರಿಂಗು ಬೆರಳುಗಳನ್ನು ಸದಾ ಲಘುವಾಗಿ ತಾಗಿಕೊಂಡೇ ಇದ್ದು, ಹಗುರವಾದ ಹೊರೆಯಿಂದ ಯಾವಾಗಲೂ ತಿರುಗುತ್ತಿರುತ್ತದೆ. ಮಾವನವರ ಕಾರು ಮೊದಲನೆಯ ಜಾತಿಯದು. ಆದುದರಿಂದಲೇ ಹಿರಿಯ ಮೆಕ್ಯಾನಿಕ್ಕಿನ ಪ್ರಶ್ನೆಗೆ ಉತ್ತರವಿರಲಿಲ್ಲ.

ಈಗ ಪರೀಕ್ಷೆಗೆ ಬರೋಣ. ಕಾರನ್ನು ಬಯಲಿನಲ್ಲಿ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಹ್ಯಾಂಡ್ ಬ್ರೇಕನ್ನು ಬಿಗಿಯಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನನ್ನು ಓಡಿಸುವುದು ಪ್ರಾಣಾಪಾಯಕರ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮೊದಲು ಇಂಜಿನನ್ನು ಆರಿಸಿಯೇ ಪೆಡಲನ್ನು ನಿಧಾನವಾಗಿ ತುಳಿದು ಬಿಡಬೇಕು. ಆಗಲೇ ಕಿರ್ರೆಂಬ ಸದ್ದು ಬಂದರೆ ತಿರುಗುವ ಯಾವ ಭಾಗವೂ ಅದಕ್ಕೆ ಹೊಣೆಯಲ್ಲ. ಫೋರ್ಕಿನ ಆಧಾರವೋ ಪೆಡಲಿನ ಕೀಲೋ ಕೇಬಲ್ಲೋ ಒಣಗಿದೆ ಎಂದರ್ಥ. ನೂರಾರು ರೂಪಾಯಿಗಳಲ್ಲಿ ಮುಗಿಯುವ ಈ ಕೆಲಸ ಸಾವಿರಾರು ರೂಪಾಯಿಗಳ ಕ್ಲಚ್ ಸೆಟ್ಟಾಗಿ ಬೆಳೆಯುವುದುಂಟು.

ಅನಂತರ ಇಂಜಿನನ್ನು ಚಾಲೂ ಮಾಡಿ, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಪೆಡಲನ್ನು ಮುಟ್ಟದೆ ಆಲಿಸಬೇಕು. ಈ ಸ್ಥಿತಿಯಲ್ಲಿ ಕ್ಲಚ್ ಪ್ಲೇಟೂ ಇನ್‌ಪುಟ್ ಶಾಫ್ಟೂ ಅದರೊಡನೆ ಹಲ್ಲು ಕೂಡಿಸಿಕೊಂಡಿರುವ ಗೇರುಗಳೂ ತಿರುಗುತ್ತಿರುತ್ತವೆ. ಗೇರ್ ಬಾಕ್ಸಿನ ಬೇರಿಂಗುಗಳಿಗೆ ಕೆಲಸವಿದೆ. ರಿಲೀಸ್ ಬೇರಿಂಗಿಗೆ, ವಾಹನದ ಜಾತಿಯನ್ನನುಸರಿಸಿ, ಕೆಲಸವೇ ಇಲ್ಲ ಅಥವಾ ಅತ್ಯಲ್ಪವಾಗಿದೆ.

ಮುಂದಿನದು ನಮಗೆ ಬಹಳ ಮೆಚ್ಚುಗೆಯಾದ ಹಂತ. ಪೆಡಲನ್ನು ಬರಿಯ ಕಾಲ್ಬೆರಳಿನಿಂದ ಒತ್ತುವಂತೆ, ಅದರ ಸಡಿಲ ಮುಗಿದು ಗಟ್ಟಿಯಾಗುವವರೆಗೆ ಮಾತ್ರ ಒತ್ತಿ, ಅಲ್ಲಿಯೇ ಹಿಡಿಯಬೇಕು. ಕ್ಲಚ್ಚು ಇನ್ನೂ ಬಿಟ್ಟಿಲ್ಲ. ಇನ್‌ಪುಟ್ ಶಾಫ್ಟು ಮೊದಲಿನಂತೆಯೇ ತಿರುಗುತ್ತಿದೆ. ಗೇರ್ ಬಾಕ್ಸಿನೊಳಗೆ ಯಾವ ವ್ಯತ್ಯಾಸವೂ ಆಗಿಲ್ಲ. ಬದಲಾದುದು ಒಂದೇ, ರಿಲೀಸ್ ಬೇರಿಂಗಿನ ಮೇಲಿನ ಹೊರೆ. ಈ ಸ್ಪರ್ಶದಿಂದಲೇ ಸದ್ದು ಹುಟ್ಟಿದರೆ, ಹೆಚ್ಚಿದರೆ ಅಥವಾ ತಟ್ಟನೆ ಅಡಗಿದರೆ ದೋಷ ರಿಲೀಸ್ ಬೇರಿಂಗಿನಲ್ಲೋ ಅದನ್ನು ಹಿಡಿದಿರುವ ಫೋರ್ಕಿನಲ್ಲೋ ಇದೆ. ಸದ್ದಿಗೆ ಏನೂ ಆಗದಿದ್ದರೆ ಪೆಡಲನ್ನು ಪೂರ್ತಿ ತುಳಿಯಬೇಕು. ಇನ್‌ಪುಟ್ ಶಾಫ್ಟು ಒಂದೆರಡು ಸೆಕೆಂಡುಗಳಲ್ಲಿ ನಿಧಾನವಾಗಿ ನಿಲ್ಲುತ್ತದೆ. ಅದರ ಜೊತೆಯಲ್ಲೇ ಸದ್ದೂ ಇಳಿದು ನಿಂತರೆ ಅಪರಾಧಿ ಗೇರ್ ಬಾಕ್ಸಿನೊಳಗಿದ್ದಾನೆ. ಮಾವನವರ ಕಾರಿನಲ್ಲಿ ಆದದ್ದು ಇದೇ.

ಒಂದು ಸ್ಥಿತಿಯಲ್ಲಿ ಒಂದೇ ಅಂಶವನ್ನು ಬದಲಾಯಿಸಿ ಉಳಿದುದೆಲ್ಲವನ್ನೂ ಇದ್ದಂತೆ ಇಡುವುದು ಪ್ರಯೋಗವಿಜ್ಞಾನದ ಮೊದಲ ಪಾಠವಷ್ಟೆ. ಆ ಪಾಠವನ್ನು ಕ್ಲಚ್ ಪೆಡಲಿಗಿಂತ ಚೆನ್ನಾಗಿ ಕಲಿಸುವ ಉಪಕರಣ ನಮ್ಮ ಕಾಲೇಜಿನ ಪ್ರಯೋಗಾಲಯದ ಬೀರುಗಳಲ್ಲಿ ನಮಗೆ ಕಾಣಿಸಿಲ್ಲ.

ಇನ್ನೊಬ್ಬ ಶಂಕಿತನಿದ್ದಾನೆ. ಅನೇಕ ವಾಹನಗಳಲ್ಲಿ ಇನ್‌ಪುಟ್ ಶಾಫ್ಟಿನ ತುದಿಯು ಕ್ರ್ಯಾಂಕ್ ಶಾಫ್ಟಿನ ತುದಿಯ ಕುಳಿಯಲ್ಲಿ ಒಂದು ಪುಟ್ಟ ಬೇರಿಂಗಿನ ಮೇಲೋ ಬುಷ್ಷಿನ ಮೇಲೋ ನಿಂತಿರುತ್ತದೆ. ಇದಕ್ಕೆ ಪೈಲಟ್ ಬೇರಿಂಗ್ ಎಂದು ಹೆಸರು. ಮುಂದಿನ ಚಕ್ರಗಳಿಂದ ನಡೆಯುವ ಹಲವು ಕಾರುಗಳಲ್ಲಿ ಇದು ಇರುವುದಿಲ್ಲ. ಪೆಡಲು ಮೇಲಿರುವಾಗ ಎರಡೂ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗುವುದರಿಂದ ಪೈಲಟ್ ಬೇರಿಂಗಿನಲ್ಲಿ ಸಾಪೇಕ್ಷ ಚಲನೆಯೇ ಇಲ್ಲ; ಇಂಜಿನ್ನು ನಿಮಿಷಕ್ಕೆ ಐದು ಸಾವಿರ ಸುತ್ತು ಸುತ್ತಿದರೂ ಅದು ತನ್ನ ಪಾಲಿಗೆ ನಿಂತಂತೆಯೇ. ಪೆಡಲನ್ನು ಪೂರ್ತಿ ತುಳಿದು ಇನ್‌ಪುಟ್ ಶಾಫ್ಟು ನಿಲ್ಲತೊಡಗಿದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಆದುದರಿಂದ ಪೂರ್ತಿ ತುಳಿದಾಗ ಕೇಳುವ ಸದ್ದಿಗೆ ರಿಲೀಸ್ ಬೇರಿಂಗೂ ಪೈಲಟ್ ಬೇರಿಂಗೂ ಇಬ್ಬರೂ ಕಾರಣರಾಗಬಹುದು. ಇವರಿಬ್ಬರನ್ನು ಬೇರ್ಪಡಿಸುವ ಬಗೆ ಹೀಗೆ: ರಿಲೀಸ್ ಬೇರಿಂಗಿನ ಸದ್ದು ಮೊದಲ ಸ್ಪರ್ಶದಲ್ಲೇ ಆರಂಭವಾಗುತ್ತದೆ, ಅದರ ಏರಿಳಿತ ಇಂಜಿನಿನ ವೇಗವನ್ನು ಮಾತ್ರ ಅನುಸರಿಸುತ್ತದೆ. ಪೈಲಟ್ ಬೇರಿಂಗಿನ ಸದ್ದು ಕ್ಲಚ್ಚು ಬಿಟ್ಟ ಮೇಲೆ ಆರಂಭವಾಗಿ, ಇಂಜಿನಿನ ವೇಗ ಬದಲಾಗದಿದ್ದರೂ, ಶಾಫ್ಟು ನಿಧಾನವಾದಂತೆಲ್ಲ ಏರುತ್ತದೆ. ವಾಹನ ನಿಂತಿರುವಾಗ ಪೆಡಲನ್ನು ತುಳಿದಿಟ್ಟು ಮೊದಲ ಗೇರಿಗೆ ಹಾಕಿದರೆ ಇನ್‌ಪುಟ್ ಶಾಫ್ಟು ಆ ಕ್ಷಣವೇ ಸ್ತಬ್ಧವಾಗುವುದರಿಂದ ಪೈಲಟ್ ಬೇರಿಂಗಿನ ಸದ್ದು ಒಮ್ಮೆಲೇ ಪೂರ್ಣ ಪ್ರಮಾಣಕ್ಕೆ ಬರುತ್ತದೆ.

ಸದ್ದಿನ ಸ್ವರೂಪವೂ ಒಂದು ಸಾಕ್ಷಿ. ಬೇರಿಂಗಿನ ನಿಶ್ಚಲವಾದ ಬಳೆಯ ಹಾದಿಯಲ್ಲಿ ಒಂದು ಚಿಕ್ಕ ಕುಳಿ ಬಿದ್ದಿದೆಯೆಂದು ಭಾವಿಸೋಣ. ಪ್ರತಿಯೊಂದು ಗುಂಡೂ ಅದನ್ನು ದಾಟುವಾಗ ಒಂದು ಪೆಟ್ಟು ಬೀಳುತ್ತದೆ. ಗುಂಡುಗಳ ಸಾಲು ತಿರುಗುವ ಬಳೆಯ ಸುಮಾರು ಅರ್ಧ ವೇಗದಲ್ಲಿ ಚಲಿಸುತ್ತದೆ. ಐಡ್ಲಿಂಗಿನಲ್ಲಿ ಇಂಜಿನ್ನು ನಿಮಿಷಕ್ಕೆ ೮೦೦ ಸುತ್ತು, ಅಂದರೆ ಸೆಕೆಂಡಿಗೆ ೧೩ ಚಿಲ್ಲರೆ ಸುತ್ತು ಸುತ್ತುತ್ತದೆ. ಗುಂಡುಗಳು ೧೪ ಇದ್ದರೆ ಸೆಕೆಂಡಿಗೆ ಸುಮಾರು ೯೩ ಪೆಟ್ಟುಗಳಾದವು. ಇದು ಗಂಭೀರವಾದ ಗುರುಗುಟ್ಟುವಿಕೆ. ಇಂಜಿನನ್ನು ೩೦೦೦ ಸುತ್ತಿಗೆ ಏರಿಸಿದರೆ ೩೫೦ ಪೆಟ್ಟುಗಳಾಗಿ ಸದ್ದು ಮೊರೆತವಾಗಿ ಏರುತ್ತದೆ. ಐಡ್ಲಿಂಗಿನಲ್ಲಿ ಮಾತ್ರ ಕೇಳಿ, ವೇಗವನ್ನು ಸ್ವಲ್ಪ ಏರಿಸಿದೊಡನೆ ಮಾಯವಾಗುವ ಕಟಕಟ ಸದ್ದು ಸಾಮಾನ್ಯವಾಗಿ ಬೇರಿಂಗಿನದಲ್ಲ. ನಾಲ್ಕು ಸಿಲಿಂಡರಿನ ಇಂಜಿನ್ನು ಒಂದೊಂದು ಸುತ್ತಿಗೆ ಎರಡು ಸಲ ಸಿಡಿದು ಶಾಫ್ಟನ್ನು ನೂಕುತ್ತದೆ. ಐಡ್ಲಿಂಗಿನಲ್ಲಿ ಇದು ಸೆಕೆಂಡಿಗೆ ಸುಮಾರು ೨೭ ನೂಕುಗಳು. ಹೊರೆಯಿಲ್ಲದ ಗೇರುಗಳ ಹಲ್ಲುಗಳು ಈ ನೂಕಿಗೆ ಒಂದನ್ನೊಂದು ತಟ್ಟುತ್ತವೆ. ಕ್ಲಚ್ ಪ್ಲೇಟಿನ ನಡುವೆ ಕಾಣುವ ಸಣ್ಣ ಸುರುಳಿ ಸ್ಪ್ರಿಂಗುಗಳು ಇದನ್ನು ತಗ್ಗಿಸಲೆಂದೇ ಇವೆ. ಅವು ಮುರಿದಿದ್ದರೆ ಕಟಕಟ ಹೆಚ್ಚುತ್ತದೆ.

ಕಾರು ಹೊರಡುವಾಗ ನಡುಗುವುದು ಬೇರೆಯೇ ಜಾತಿಯ ರೋಗ. ಪ್ಲೇಟಿನ ಮೇಲೆ ಎಣ್ಣೆ ಬಿದ್ದಿದ್ದರೆ ಅಥವಾ ಮುಖಗಳು ಬಿಸಿಯಿಂದ ಸೊಟ್ಟಾಗಿದ್ದರೆ, ಪ್ಲೇಟು ಹಿಡಿದು ಜಾರಿ, ಮತ್ತೆ ಹಿಡಿದು ಜಾರಿ ಹೋಗುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೆ ಹಿಡಿದು ಜಾರಿಯೇ. ರಿಲೀಸ್ ಬೇರಿಂಗಿಗೂ ಇದಕ್ಕೂ ಸಂಬಂಧ ಕಡಮೆ. ಇಂಜಿನನ್ನು ಚಾಲೂ ಮಾಡುವಾಗ ಮತ್ತು ಆರಿಸುವಾಗ ಮಾತ್ರ ದಡಬಡ ಸದ್ದು ಬಂದರೆ, ಡೀಸೆಲ್ ಕಾರುಗಳಲ್ಲಿ ವಿಶೇಷವಾಗಿ, ಎರಡು ತುಂಡುಗಳ ನಡುವೆ ಸ್ಪ್ರಿಂಗುಗಳಿರುವ ಫ್ಲೈವೀಲನ್ನು ಸಂಶಯಿಸಬೇಕು.

ಪ್ಯಾರಿಸಿನ ವೈದ್ಯ ಲೆನೆಕ್ ೧೮೧೬ರಲ್ಲಿ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದುದರಿಂದ ಸ್ಟೆತೊಸ್ಕೋಪು ಹುಟ್ಟಿತು. ನಮ್ಮ ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಗೇರ್ ಬಾಕ್ಸಿನ ಕವಚಕ್ಕೂ ಹಿಡಿಯನ್ನು ಕಿವಿಗೂ ಇಟ್ಟು ಕೇಳುವುದು ಅದೇ ವಿದ್ಯೆ. ಶಬ್ದವು ಗಾಳಿಗಿಂತ ಉಕ್ಕಿನಲ್ಲಿ ಸ್ಪಷ್ಟವಾಗಿ ಸಾಗಿಬರುತ್ತದೆ. ತಿರುಗುವ ಬೆಲ್ಟುಗಳ ಹತ್ತಿರ ಅಂಗಿಯ ತೋಳನ್ನು ಕೊಂಡೊಯ್ಯುವ ಅಪಾಯವಿರುವುದರಿಂದ ವಿದ್ಯಾರ್ಥಿಗಳು ಇದನ್ನು ಹಿರಿಯರ ಜೊತೆಯಿಲ್ಲದೆ ಮಾಡಕೂಡದು.

ದೋಷ ರಿಲೀಸ್ ಬೇರಿಂಗಿನಲ್ಲಿಯೇ ಎಂದು ಸಿದ್ಧವಾಯಿತೆನ್ನೋಣ. ಈಗ ಹೊಸದನ್ನು ಆರಿಸಬೇಕು. ಅಂಗಡಿಯಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ "ಯಾವ ಕಂಪನಿಯದು, ಎಷ್ಟು ರೇಟು?" ಎಂದಷ್ಟೇ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಜ್ಯಾಮಿತಿಯವು. ಸ್ಪ್ರಿಂಗಿನ ಬೆರಳ ತುದಿಗಳು ಬಾಗಿ ಉಬ್ಬಿದ್ದರೆ ಬೇರಿಂಗಿನ ಮುಖ ಚಪ್ಪಟೆಯಾಗಿರಬೇಕು. ಬೆರಳುಗಳು ನೇರವಾಗಿದ್ದರೆ ಬೇರಿಂಗಿನ ಮುಖ ಉಬ್ಬಿರಬೇಕು. ಇದರ ಕಾರಣ ಸರಳ. ಪೆಡಲನ್ನು ತುಳಿದಂತೆ ಬೆರಳುಗಳ ಓರೆ ಬದಲಾಗುತ್ತದೆ. ಒಂದು ಮೇಲ್ಮೈ ಬಾಗಿದ್ದರೆ ಸ್ಪರ್ಶ ಸುಗಮವಾಗಿ ಸರಿಯುತ್ತದೆ. ಚಪ್ಪಟೆಗೆ ಚಪ್ಪಟೆ ಸೇರಿದರೆ ಅಂಚು ಕಚ್ಚಿ ಬೆರಳ ತುದಿಯನ್ನು ಕೆತ್ತುತ್ತದೆ. ಬೇರಿಂಗಿನ ಎತ್ತರವೂ ಹಳೆಯದರಷ್ಟೇ ಇರಬೇಕು. ಕೆಲವೇ ಮಿಲಿಮೀಟರು ಹೆಚ್ಚಾದರೆ ಬೆರಳುಗಳು ಸದಾ ಒತ್ತಲ್ಪಟ್ಟು ಕ್ಲಚ್ಚು ಜಾರಬಹುದು. ಕಡಮೆಯಾದರೆ ಪೂರ್ತಿ ತುಳಿದರೂ ಕ್ಲಚ್ಚು ಬಿಡದೆ ಗೇರು ಕರಕರ ಎನ್ನುತ್ತದೆ. ಹಳೆಯ ಬೇರಿಂಗನ್ನೂ ಹೊಸದನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ವರ್ನಿಯರಿನಿಂದ ಅಳೆಯುವುದಕ್ಕೆ ಎರಡು ನಿಮಿಷ ಸಾಕು. ಪ್ರಯೋಗಾಲಯದಲ್ಲಿ ಸಿಲಿಂಡರಿನ ವ್ಯಾಸವನ್ನು ವರ್ನಿಯರಿನಿಂದ ಆರು ಸಲ ಅಳೆದು ಬರೆದ ನಮ್ಮ ವಿದ್ಯಾರ್ಥಿಗಳಿಗೆ ಅದನ್ನು ಬಳಸುವ ನಿಜವಾದ ಸಂದರ್ಭ ಇದೇ ಮೊದಲನೆಯದಾಗಬಹುದು.

ಇನ್ನೊಂದು ಗುಣ ಕೇಂದ್ರವನ್ನು ತಾನೇ ಹುಡುಕಿಕೊಳ್ಳುವುದು. ಇಂಜಿನಿನ ಅಕ್ಷಕ್ಕೂ ಬೇರಿಂಗು ಜಾರುವ ಕೊಳವೆಯ ಅಕ್ಷಕ್ಕೂ ಸ್ವಲ್ಪವಾದರೂ ಅಂತರವಿದ್ದರೆ ಬೆರಳುಗಳು ಬೇರಿಂಗಿನ ಮುಖದ ಮೇಲೆ ಪ್ರತಿ ಸುತ್ತಿನಲ್ಲೂ ಉಜ್ಜುತ್ತವೆ. ಈ ಬಗೆಯ ತೊಂದರೆ ಹಳೆಯದು. ಸ್ವೀಡನ್ನಿನ ಗೋಥೆನ್‌ಬರ್ಗಿನ ಬಟ್ಟೆ ಗಿರಣಿಯೊಂದರಲ್ಲಿ ಇಂಜಿನಿಯರಾಗಿದ್ದ ಸ್ವೆನ್ ವಿಂಗ್‌ಕ್ವಿಸ್ಟ್ ಉದ್ದನೆಯ ಶಾಫ್ಟುಗಳು ಓರೆಯಾಗಿ ಬೇರಿಂಗುಗಳು ಪದೇ ಪದೇ ಕೆಡುವುದನ್ನು ಕಂಡು, ಓರೆಯನ್ನು ಸಹಿಸಿಕೊಳ್ಳುವ ಬಾಲ್ ಬೇರಿಂಗನ್ನು ೧೯೦೭ರಲ್ಲಿ ರೂಪಿಸಿದನು. ಎಸ್‌ಕೆಎಫ್ ಕಂಪನಿ ಹುಟ್ಟಿದುದು ಅದರಿಂದ. ಅವನು ಪರಿಹರಿಸಿದುದು ಓರೆಯ ತೊಂದರೆಯನ್ನು. ರಿಲೀಸ್ ಬೇರಿಂಗಿನದು ಕೇಂದ್ರ ತಪ್ಪುವ ತೊಂದರೆ. ಉಪಾಯವೂ ಬೇರೆ: ಇಂದಿನ ಒಳ್ಳೆಯ ರಿಲೀಸ್ ಬೇರಿಂಗಿನಲ್ಲಿ ಬಳೆಗಳು ಹೊರಕವಚದೊಳಗೆ ಅಡ್ಡಕ್ಕೆ ತುಸು ಸರಿದು ಬೆರಳುಗಳ ಕೇಂದ್ರವನ್ನು ಹೊಂದಿಕೊಳ್ಳುತ್ತವೆ. ಹೊಸ ಬೇರಿಂಗನ್ನು ಕೈಯಲ್ಲಿ ಹಿಡಿದಾಗ ಈ ಅಡ್ಡ ಸರಿತವನ್ನು ಕಂಡು "ಲೂಸ್ ಇದೆ" ಎಂದು ಹಿಂದಿರುಗಿಸುವವರುಂಟು. ಅದು ದೋಷವಲ್ಲ, ಗುಣ. ಮಾರಿಸ್ ಮೈನರಿನಂಥ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಗುಂಡುಗಳೇ ಇರಲಿಲ್ಲ. ಗ್ರಾಫೈಟಿನ ಬಳೆಯೊಂದು ಉಜ್ಜುತ್ತ ಸವೆಯುತ್ತ ಕೆಲಸ ನಡೆಸುತ್ತಿತ್ತು. ಕೆಲವು ಕಾರುಗಳಲ್ಲಿ ದ್ರವದ ಸಿಲಿಂಡರೂ ಬೇರಿಂಗೂ ಕೂಡಿ ಒಂದೇ ಭಾಗವಾಗಿ ಶಾಫ್ಟಿನ ಸುತ್ತ ಕುಳಿತಿರುತ್ತವೆ. ಅಲ್ಲಿ ಬೇರಿಂಗು ಕೆಟ್ಟರೆ ಸಿಲಿಂಡರನ್ನೂ ಕೂಡಿಯೇ ಕೊಳ್ಳಬೇಕಾಗುತ್ತದೆ.

ಬೆಲೆಯ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟ. ಗೇರ್ ಬಾಕ್ಸನ್ನು ಇಳಿಸಿ ಏರಿಸುವ ಕೂಲಿಯ ಮುಂದೆ ಒಳ್ಳೆಯ ಬೇರಿಂಗಿಗೂ ಡ್ಯುಪ್ಲಿಕೇಟ್ ಬೇರಿಂಗಿಗೂ ಇರುವ ಬೆಲೆಯ ಅಂತರ ಅಲ್ಪ. ಅಲ್ಲಿ ಉಳಿಸಿದ ಹಣವನ್ನು ಎರಡನೆಯ ಸಲದ ಕೂಲಿ ನುಂಗಿಹಾಕುತ್ತದೆ. ಹಾಗೆಂದು ಪ್ರತಿಯೊಂದು ಸಲವೂ ಪ್ಲೇಟು, ಕವರು, ಬೇರಿಂಗು ಮೂರನ್ನೂ ಬದಲಾಯಿಸಲೇಬೇಕೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಬಿಚ್ಚಿದ ಮೇಲೆ ನೋಡಬೇಕು. ಪ್ಲೇಟಿನ ಹೊದಿಕೆ ರಿವೆಟ್ಟುಗಳ ಸಮೀಪಕ್ಕೆ ಸವೆದಿದೆಯೆ, ಬೆರಳ ತುದಿಗಳು ಕೆತ್ತಿಹೋಗಿವೆಯೆ, ಫ್ಲೈವೀಲಿನ ಮುಖ ಸುಟ್ಟು ನೀಲಿಯಾಗಿದೆಯೆ ಎಂಬುದನ್ನು ಕಣ್ಣೇ ಹೇಳುತ್ತದೆ. ಹೊದಿಕೆ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಮೂರನ್ನೂ ಬದಲಾಯಿಸುವುದು ಬುದ್ಧಿವಂತಿಕೆ. ಹೊಸತಾಗಿಯೇ ಇದ್ದರೆ ದುಂದು. ಬೇರಿಂಗು ಜಾರುವ ಕೊಳವೆಯನ್ನು ನೋಡುವವರು ವಿರಳ. ಅದರ ಮೇಲೆ ಗೀರು ಬಿದ್ದು ಮೆಟ್ಟಿಲಾಗಿದ್ದರೆ ಎಷ್ಟೇ ಉತ್ತಮವಾದ ಹೊಸ ಬೇರಿಂಗೂ ಕೆಲವೇ ದಿನಗಳಲ್ಲಿ ಹಾಡತೊಡಗುತ್ತದೆ.

ಹೊಸ ಬೇರಿಂಗನ್ನು ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ತೊಳೆಯಕೂಡದೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಅದರ ಆಯುಷ್ಯಕ್ಕೆಲ್ಲ ಸಾಕಾಗುವ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ಮುಚ್ಚಿರುತ್ತಾರೆ. ತೊಳೆಯುವ ಕೈ ಅದನ್ನು ಕರಗಿಸಿಬಿಡುತ್ತದೆ.

ಆ ಗ್ರೀಸಿನ ಮಹತ್ವ ಎಷ್ಟೆಂಬುದಕ್ಕೆ ಒಂದು ಲೆಕ್ಕ ಮಾಡಿ ನಾವೇ ಬೆರಗಾದೆವು. ಬಾಲ್ ಬೇರಿಂಗಿನ ಉಕ್ಕು ಬಳಲಿ ಬಿರಿಯುವುದಕ್ಕೆ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ಎಂಬ ಸ್ವೀಡಿಷ್ ವಿಜ್ಞಾನಿಗಳು ೧೯೪೭ರಲ್ಲಿ ನಿರೂಪಿಸಿದ ನಿಯಮವೊಂದುಂಟು. ಬೇರಿಂಗಿನ ಸಾಮರ್ಥ್ಯವನ್ನು ಹೊರೆಯಿಂದ ಭಾಗಿಸಿ, ಬಂದುದನ್ನು ಘನ ಮಾಡಿದರೆ, ನೂರಕ್ಕೆ ತೊಂಬತ್ತು ಬೇರಿಂಗುಗಳು ತಾಳುವ ಸುತ್ತುಗಳ ಸಂಖ್ಯೆ ದಶಲಕ್ಷಗಳಲ್ಲಿ ದೊರೆಯುತ್ತದೆ. ಬೆಂಗಳೂರಿನಂಥ ನಗರದಲ್ಲಿ ಒಬ್ಬ ಚಾಲಕ ದಿನಕ್ಕೆ ೨೦ ಸಿಗ್ನಲ್ಲುಗಳಲ್ಲಿ, ಒಂದೊಂದರಲ್ಲಿ ೨ ನಿಮಿಷ, ಗೇರನ್ನು ಬಿಡದೆ ಪೆಡಲನ್ನು ತುಳಿದೇ ಕುಳಿತಿರುತ್ತಾನೆಂದು ಭಾವಿಸೋಣ. ಬೇರಿಂಗು ಪೂರ್ಣ ಹೊರೆಯಲ್ಲಿ ೩೨,೦೦೦ ಸುತ್ತು ಸುತ್ತಿತು. ಅದೇ ದಿನ ಗೇರು ಬದಲಾಯಿಸಲು ಅವನು ೨೦೦ ಸಲ, ಒಂದೊಂದು ಸೆಕೆಂಡು, ೨೦೦೦ ಸುತ್ತಿನ ವೇಗದಲ್ಲಿ ತುಳಿದರೆ ಸುಮಾರು ೬,೬೦೦ ಸುತ್ತುಗಳು. ಅಗತ್ಯವಾದ ಕೆಲಸಕ್ಕಿಂತ ಅಭ್ಯಾಸದ ಸೋಮಾರಿತನ ಐದರಷ್ಟು ಸುತ್ತಿಸುತ್ತದೆ! ವರ್ಷಕ್ಕೆ ೩೦೦ ದಿನವಾದರೆ ಒಟ್ಟು ೧.೨ ಕೋಟಿ ಸುತ್ತು. ಸಾಮರ್ಥ್ಯ ಹೊರೆಯ ಆರರಷ್ಟೇ ಎಂದು ಹಿಡಿದರೂ ನಿಯಮ ಕೊಡುವ ಆಯುಷ್ಯ ೨೧.೬ ಕೋಟಿ ಸುತ್ತು; ಅಂದರೆ ಹದಿನೆಂಟು ವರ್ಷ. ಆದರೆ ಬೇರಿಂಗುಗಳು ಇದಕ್ಕಿಂತ ಬಹಳ ಮೊದಲೇ ಸದ್ದು ಮಾಡತೊಡಗುವುದುಂಟು. ಅವು ಸಾಯುವುದು ಉಕ್ಕಿನ ಬಳಲಿಕೆಯಿಂದಲ್ಲವೆಂದಾಯಿತು. ಅರ್ಧ ತುಳಿದ ಕ್ಲಚ್ಚಿನಲ್ಲಿ ಪ್ಲೇಟು ಜಾರಿ ಹುಟ್ಟಿದ ಬಿಸಿ ಗ್ರೀಸನ್ನು ಒಣಗಿಸುತ್ತದೆ, ಧೂಳೂ ನೀರೂ ಒಳನುಗ್ಗುತ್ತವೆ, ಕೇಂದ್ರ ತಪ್ಪಿದ ಮುಖ ಸವೆಯುತ್ತದೆ. ಆಗುಂಬೆಯಂಥ ಘಾಟಿಯ ತಿರುವುಗಳಲ್ಲಿ ಕಾರನ್ನು ಬ್ರೇಕಿನಿಂದ ನಿಲ್ಲಿಸದೆ ಹಾಫ್ ಕ್ಲಚ್ಚಿನಲ್ಲಿ ತೂಗಿಸಿ ಹಿಡಿಯುವವರು ಈ ಬಿಸಿಯನ್ನು ನೇರವಾಗಿ ಬೇರಿಂಗಿಗೆ ಉಣಿಸುತ್ತಾರೆ.

ಇಷ್ಟೆಲ್ಲ ಪರೀಕ್ಷೆಗೆ ವರ್ಕ್‌ಶಾಪಿನವರಿಗೆ ಪುರುಸೊತ್ತೆಲ್ಲಿ ಎಂಬ ಆಕ್ಷೇಪ ಬರಬಹುದು. ಮೇಲಿನ ಹಂತಗಳಿಗೆಲ್ಲ ಕೂಡಿ ಐದು ನಿಮಿಷ ಸಾಕು. ಗೇರ್ ಬಾಕ್ಸು ಇಳಿಸಲು ಗಂಟೆಗಳು ಬೇಕು. ಈಗ ಕಂಪ್ಯೂಟರಿನಿಂದ ದೋಷ ಓದುತ್ತಾರಲ್ಲ ಎಂಬುದು ಇನ್ನೊಂದು ಮಾತು. ಆ ಯಂತ್ರ ಓದುವುದು ವಿದ್ಯುತ್ ಸಂವೇದಕಗಳ ಮಾತನ್ನು. ಸಾಮಾನ್ಯ ಕಾರಿನ ರಿಲೀಸ್ ಬೇರಿಂಗಿಗೆ ಸಂವೇದಕವಿಲ್ಲ. ೨೦೧೪ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಕಾರಿನೊಡನೆ ನಮ್ಮ ದೇಶದಲ್ಲಿ ಪ್ರಚಾರಕ್ಕೆ ಬಂದ, ಕ್ಲಚ್ಚನ್ನು ಯಂತ್ರವೇ ತುಳಿಯುವ ಬಗೆಯ ಕಾರುಗಳಲ್ಲಿ ಪೆಡಲೇ ಇಲ್ಲದಿರುವುದರಿಂದ ನಮ್ಮ ಪರೀಕ್ಷೆಯನ್ನು ಕಾಲಿನಿಂದ ಮಾಡಲಾಗದೆಂಬುದು ಮಾತ್ರ ನಿಜವಾದ ಮಿತಿ.

ನಮ್ಮ ಹೆಚ್ಚಿನ ಆಕ್ಷೇಪವಿರುವುದು ವರ್ಕ್‌ಶಾಪುಗಳ ಮೇಲಲ್ಲ, ನಮ್ಮ ಮೇಲೆಯೇ. ಪ್ರಯೋಗಾಲಯಗಳಲ್ಲಿ ನಾವು ಮಾಡಿಸುವುದು ಉತ್ತರ ಮೊದಲೇ ತಿಳಿದಿರುವ ಪ್ರಯೋಗಗಳನ್ನು. ಗುರುತ್ವದ ಬೆಲೆ ೯.೮ ಬರಬೇಕೆಂದು ಬಲ್ಲ ವಿದ್ಯಾರ್ಥಿ ಅಂಕಿಗಳನ್ನು ಅತ್ತ ವಾಲಿಸಿಕೊಳ್ಳುತ್ತಾನೆ. ಉತ್ತರ ತಿಳಿಯದ ಸದ್ದೊಂದರ ಮುಂದೆ ನಿಂತಾಗ ಏನು ಮಾಡಬೇಕೆಂಬುದು ಅವನಿಗೂ ತಿಳಿಯದು, ಅವನ ಅಧ್ಯಾಪಕರಿಗೂ ತಿಳಿಯದು. ಇದಕ್ಕೆ ಪುರಾವೆಯನ್ನು ಮೇಲೆಯೇ ಕೊಟ್ಟಿದ್ದೇವೆ. ಗುಜರಿ ಅಂಗಡಿಯಿಂದ ಒಂದು ಹಳೆಯ ಕ್ಲಚ್ಚನ್ನು ತಂದು ಪ್ರಯೋಗಾಲಯದಲ್ಲಿ ಬಿಚ್ಚಿಡುವುದಕ್ಕೆ ಯಾವ ಪಠ್ಯಕ್ರಮದ ಅಡ್ಡಿಯೂ ಇಲ್ಲ.

ಕೊನೆಯದಾಗಿ ಒಂದು ಸಲಹೆ. ಬೇರಿಂಗನ್ನು ಬದಲಾಯಿಸಿದಾಗ ಹಳೆಯದನ್ನು ತಪ್ಪದೆ ಕೇಳಿ ತೆಗೆದುಕೊಳ್ಳಬೇಕು. ಒಂದು ಬಳೆಯನ್ನು ಹಿಡಿದು, ಇನ್ನೊಂದನ್ನು ಅಂಗೈಯಿಂದ ಒತ್ತುತ್ತ ನಿಧಾನವಾಗಿ ತಿರುಗಿಸಬೇಕು. ಕೆಟ್ಟ ಬೇರಿಂಗಿನಲ್ಲಿ ಮರಳು ಸಿಕ್ಕಂತಹ ತರತರ ಅನುಭವ ಬೆರಳಿಗೆ ಬರುತ್ತದೆ, ಅಥವಾ ಅದು ಗ್ರೀಸಿಲ್ಲದೆ ಗಿರಗಟ್ಟೆಯಂತೆ ತಡೆಯಿಲ್ಲದೆ ಸುತ್ತುತ್ತದೆ. ಒಳ್ಳೆಯದು ಮೃದುವಾದ ತಡೆಯೊಡನೆ ಮೌನವಾಗಿ ತಿರುಗುತ್ತದೆ. ಮಾವನವರ ಕಾರಿನಿಂದ ಮೊದಲ ಸಲ ತೆಗೆದ ಬೇರಿಂಗು ಈಗ ನಮ್ಮ ಮೇಜಿನ ಮೇಲಿದೆ. ಇನ್‌ಪುಟ್ ಶಾಫ್ಟಿನ ಬೇರಿಂಗನ್ನು ಬದಲಾಯಿಸಿದ ಮೇಲೆ ಕಾರಿನ ಸದ್ದು ನಿಂತಿತು. ಈ ಬೇರಿಂಗನ್ನು ಎಷ್ಟು ಸಲ ತಿರುಗಿಸಿದರೂ ಅದರಿಂದ ಸದ್ದೇ ಬರುವುದಿಲ್ಲ.